ಕ್ಯಾಸೆಟ್ ಪೆಟ್ಟಿಗೆಗೆ ಮೀನೆಣ್ಣೆ

"ಅದೆಲ್ಲ ಆಪುದಲ್ಲ ಹೋಪುದಲ್ಲ" ಎಂದವರು ಗಿರಿಜತ್ತೆ. ಬೇರೆಯವರೂ ಹೇಳಿದ್ದರು, ಆದರೆ ಅವರೆಲ್ಲ ನನ್ನ ಬೆನ್ನ ಹಿಂದೆ ಹೇಳಿದರು. ಅತ್ತೆ ಮಾತ್ರ ನಮ್ಮ ಚಾವಡಿಯಲ್ಲಿ ಕೂತು, ನಮ್ಮದೇ ಚಾ ಕುಡಿಯುತ್ತಾ, ನನ್ನ ಮುಖ ನೋಡಿಯೇ ಹೇಳಿದರು. ಆ ಮಟ್ಟಿಗೆ ಅವರ ಮೇಲೆ ನನಗೆ ಈಗಲೂ ಗೌರವ.

"ಆ ಡಬ್ಬಿ ಊದಿ ಊದಿ ಡಿಗ್ರಿ ಮಾಡ್ದರ್ ಯಾರಾರೂ ಇದ್ರಾ ಹೆಣೆ? ಇದ್ರೆ ಒಂದ್ ಹೆಸ್ರ್ ಹೇಳ್, ಕಾಂಬ."

ನನಗೆ ಒಂದು ಹೆಸರೂ ಗೊತ್ತಿರಲಿಲ್ಲ. ಅವರ ಲೋಟ ತೆಗೆದುಕೊಂಡು ಒಳಗೆ ಹೋದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಆಧಾರ್ ಕಾರ್ಡ್ ಹುಡುಕಲು ಕಪಾಟು ತೆಗೆದೆ. ಆಧಾರ್ ಕಾರ್ಡ್ ಸಿಗಲಿಲ್ಲ. ಸೀರೆಗಳ ಅಡಿಯಲ್ಲಿ ಅಂಗೈಯಗಲದ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಮುಚ್ಚಳ ಸರಿಸಿದರೆ ಒಳಗೊಂದು ಹಳದಿ ಕ್ಯಾಸೆಟ್. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡ ತಟ್ಟನೆ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಅವರು ಘಟ್ಟದ ಮೇಲಿನವರು. ನನಗೆ ಎಂತ ವಾಸನೆಯೂ ಬರಲಿಲ್ಲ.

ಹಳದಿ ಕ್ಯಾಸೆಟ್ ಎಂದರೆ ಹಾಡಿನದಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನೀವು ಮಕ್ಕಳಾಗಿದ್ದರೆ ಬಿಡಿಸಿ ಹೇಳಬೇಕಾಗಿಲ್ಲ. ಟೀವಿಗೆ ಒಂದು ಬಿಳಿ ಡಬ್ಬ ಸಿಕ್ಕಿಸುವುದು, ಡಬ್ಬದ ತಲೆಗೆ ಈ ಕ್ಯಾಸೆಟ್ ಒತ್ತುವುದು, ಕೈಯಲ್ಲೊಂದು ಬಟನ್ನುಗಳ ಹಿಡಿಕೆ ಹಿಡಿದುಕೊಂಡು ಕುಳಿತರೆ ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟ ಇವೆ ಎಂದು ಬರೆದಿರುತ್ತಿತ್ತು. ನಾನು ಒಂದು ಇಡೀ ಬೇಸಗೆ ರಜೆಯಲ್ಲಿ ಆ ಪಟ್ಟಿಯನ್ನು ಕೆಳಗೆ ಇಳಿಸುತ್ತಾ ಹೋದೆ. ಇದ್ದದ್ದು ಏಳು ಆಟ. ಅವೇ ಏಳು, ಬೇರೆ ಬೇರೆ ಹೆಸರಿನಲ್ಲಿ, ಕೊನೆಯಿಲ್ಲದಷ್ಟು ಸಲ. ಮೋಸ ಎಂದು ಅನ್ನಿಸಲಿಲ್ಲ. ಎಂಟನೆಯದು ಇನ್ನೂ ಕೆಳಗೆಲ್ಲೋ ಇದೆ ಎಂದೇ ನಂಬಿದ್ದೆ.

ಆಟ ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಅದರ ಬಾಯಿಗೆ ಊದಬೇಕು. ನಮ್ಮ ಮನೆ ಹೊಳೆಯ ದಡದಲ್ಲಿ, ಕಡಲಿನಿಂದ ಕೂಗಳತೆಯಲ್ಲಿ. ಉಪ್ಪುಗಾಳಿಗೆ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು. ಹಾಗಾಗಿ ಬೇರೆ ಊರಿನ ಮಕ್ಕಳು ಒಮ್ಮೆ ಊದಿದರೆ ನಾವು ಹತ್ತು ಸಲ ಊದಬೇಕಿತ್ತು. ಅತ್ತೆ ಬಂದಾಗಲೆಲ್ಲ ಅದನ್ನು ನೋಡಿ ಉರಿದುಕೊಳ್ಳುತ್ತಿದ್ದರು. "ಒಲಿ ಊದ್ ಅಂದ್ರೆ ಕೆಮ್ಮ್ ಬತ್ತ್ ನಿಂಗೆ. ಅದ್ನ್ ಊದೂಕ್ ಮಾತ್ರ ಎಲ್ಲಿತ್ತ್ ಮರಾಯ್ತಿ ಇಷ್ಟ್ ಉಸ್ರ್?"

ಉರಿದುಕೊಳ್ಳಲು ಅವರಿಗೆ ಹಕ್ಕಿತ್ತು. ಆ ಡಬ್ಬ ನಮ್ಮ ಮನೆಗೆ ಬಂದದ್ದೇ ಅವರಿಂದ. ಗಿರಿಜತ್ತೆ ನನ್ನ ಅಪ್ಪಯ್ಯನ ಅಕ್ಕ. ಹುಟ್ಟಿದ್ದು ಹಂಗಾರಕಟ್ಟೆಯ ನಮ್ಮ ಮನೆಯಲ್ಲಿ, ಮದುವೆ ಮಾಡಿಕೊಟ್ಟದ್ದು ಕೊಕ್ಕರ್ಣೆಗೆ. ಅವರ ಗಂಡ ಮುಂಬಯಿಯ ಹೋಟೆಲೊಂದರಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಿದ್ದರು. ಒಂದು ಸಲ ರಜೆಗೆ ಬರುವಾಗ ಮಕ್ಕಳಿಗೆಂದು ಈ ಟೀವಿ ಗೇಮ್ ತಂದರು. ಅತ್ತೆ ಅದನ್ನು ಒಂದು ವಾರ ನೋಡಿ, ಅಕ್ಕಿಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ ನಮ್ಮ ಮನೆಗೆ ತಂದಿಟ್ಟರು. "ಇದ್ ನಮ್ಮನೆಗ್ ಬ್ಯಾಡ ತಮ್ಮ. ಮಕ್ಳ್ ಹಾಳಾತ್ರ್. ನಿಮ್ಮನೆಲೇ ಇರ್ಲಿ."

ನಮ್ಮ ಮನೆಯಲ್ಲಿ ಹಾಳಾಗಲು ನಾನೊಬ್ಬಳು ಇದ್ದೆ. ಸಾವಕಾಶವಾಗಿ, ಶ್ರದ್ಧೆಯಿಂದ ಹಾಳಾದೆ.

ಅಪ್ಪಯ್ಯ ದೋಣಿ ಮಾಡುವವರು. ಅಜ್ಜನ ಕಾಲದಿಂದಲೂ ಅದೇ ಕೆಲಸ. ಮನೆಯ ಹಿಂದೆ ಹೊಳೆಗೆ ಮುಖಮಾಡಿದ ಒಂದು ತೆಂಗಿನ ಗರಿಯ ಕೊಟ್ಟಿಗೆ, ಅದರಲ್ಲಿ ಯಾವಾಗಲೂ ಅರ್ಧ ಆದ ಒಂದು ದೋಣಿ. ನಕ್ಷೆ ಇಲ್ಲ, ಕಾಗದ ಇಲ್ಲ. ಕಣ್ಣಳತೆ, ಒಂದು ಹಗ್ಗ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಫೈಬರ್ ದೋಣಿಗಳು ಬಂದ ಮೇಲೆ ಹೊಸದು ಮಾಡಿಸುವವರು ಕಡಿಮೆಯಾದರು, ರಿಪೇರಿ ಉಳಿಯಿತು. ಹೊಸದಿರಲಿ ಹಳೆಯದಿರಲಿ, ಕೊನೆಯ ಕೆಲಸ ಮಾತ್ರ ಒಂದೇ: ಮೀನೆಣ್ಣೆ ಬಳಿಯುವುದು. ಬಳಿಯದಿದ್ದರೆ ಮರವನ್ನು ಹುಳ ತಿನ್ನುತ್ತದೆ, ಹುಳ ಬಿಟ್ಟದ್ದನ್ನು ಉಪ್ಪುನೀರು ತಿನ್ನುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಎಣ್ಣೆಯ ಡ್ರಮ್ಮು ಯಾವತ್ತೂ ಇರುತ್ತಿತ್ತು. ಅದರ ವಾಸನೆ ನಮ್ಮ ಬಟ್ಟೆಯಲ್ಲಿ, ತಲೆದಿಂಬಿನಲ್ಲಿ, ನನ್ನ ಶಾಲೆಯ ಪುಸ್ತಕಗಳಲ್ಲಿ. ನಮಗದು ವಾಸನೆಯಲ್ಲ, ಗಾಳಿ ಇದ್ದದ್ದೇ ಹಾಗೆ.

ಬೇರೆಯವರಿಗೆ ಹಾಗಲ್ಲ ಎಂದು ಮೊದಲು ಕಲಿತವರು ಗಿರಿಜತ್ತೆ. ನಾಲ್ಕನೇ ಕ್ಲಾಸಿನಲ್ಲಿ ಅವರ ಪಕ್ಕ ಕೂತಿದ್ದ ಹುಡುಗಿ ಮೂಗು ಹಿಡಿದುಕೊಂಡು ಆಚೆ ಸರಿದಳಂತೆ. ಮರುದಿನ ಇಡೀ ಸಾಲು ಸರಿಯಿತಂತೆ. ಮೂರನೆಯ ದಿನ ಅತ್ತೆ ಸ್ಲೇಟನ್ನು ಅಟ್ಟದ ಮೇಲೆ ಇಟ್ಟು, ಅಡುಗೆಮನೆಯ ಹಿಂದೆ ಮೀನು ಕೊಯ್ಯಲು ಕೂತವರು ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಇದನ್ನು ನನಗೆ ಹೇಳಿದ್ದು ಅಮ್ಮ. ಅತ್ತೆಯನ್ನೇ ಕೇಳಿದರೆ, "ನಂಗ್ ಲೆಕ್ಕ ತಲಿಗ್ ಹತ್ತಿಲ್ಲೆ" ಎನ್ನುತ್ತಿದ್ದರು. ಬ್ರಹ್ಮಾವರದ ಸಂತೆಯಲ್ಲಿ ಬಾಳೆಗೊನೆ ಮಾರುವಾಗ ಅವರ ಲೆಕ್ಕ ತಪ್ಪಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಪಿಯುಸಿ ಮುಗಿದ ಮೇಲೆ ನಾನು ಡಿಗ್ರಿ ಕಾಲೇಜಿಗೆ ಹೋಗಲಿಲ್ಲ. ಆ ವರ್ಷ ಕೊಟ್ಟಿಗೆಯಲ್ಲಿ ದೋಣಿಯೇ ಇರಲಿಲ್ಲ ಎಂದರೆ ಸಾಕು. ಬ್ರಹ್ಮಾವರದಲ್ಲಿ ಶೀನಣ್ಣನ ಟೀವಿ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ಶೀನಣ್ಣ ಒಳ್ಳೆಯ ಮನುಷ್ಯ. ಗಿರಾಕಿ ಹೋದ ಮೇಲೆ ಬೈಯುತ್ತಿದ್ದರು, ಎದುರಿಗೆ ಬೈಯುತ್ತಿರಲಿಲ್ಲ. ಅವರಿಂದ ಬೆಸುಗೆ ಹಾಕಲು ಕಲಿತೆ, ಸುಟ್ಟ ಚಿಪ್ಪನ್ನು ಮೂಗಿನಿಂದ ಗುರುತಿಸಲು ಕಲಿತೆ. ಅಂದರೆ ನನ್ನ ಮೂಗು ಕೆಲಸ ಮಾಡುವುದೇ ಇಲ್ಲ ಎಂದಲ್ಲ. ಕೆಲವು ವಿಷಯಗಳಲ್ಲಿ ಮಾತ್ರ ಮಾಡುವುದಿಲ್ಲ.

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ದಿನ ಸುಮ್ಮನೆ ಹುಡುಕುವಾಗ ಗೊತ್ತಾಯಿತು: ಜಗತ್ತಿನಲ್ಲಿ ಆ ಹಳೆಯ ಡಬ್ಬಗಳನ್ನು ಇನ್ನೂ ಇಟ್ಟುಕೊಂಡವರು ಇದ್ದಾರೆ. ಇಟ್ಟುಕೊಂಡದ್ದು ಮಾತ್ರವಲ್ಲ, ಅವುಗಳಿಗೆ ಹೊಸ ಆಟ ಬೇಕೆಂದು ಹಂಬಲಿಸುತ್ತಾರೆ. ಡಬ್ಬ ಮಾಡಿದ ಕಂಪನಿಯವರು ಅದನ್ನು ಯಾವಾಗಲೋ ಮರೆತಿದ್ದಾರೆ. ಹಾಗಾಗಿ ಯಾರೋ ಒಬ್ಬ ಮೇಷ್ಟ್ರು, ಇನ್ನೊಬ್ಬ ಲಾರಿ ಡ್ರೈವರು, ಅಲ್ಲೊಬ್ಬಳು ನರ್ಸು, ತಮ್ಮ ಪಾಡಿಗೆ ಹೊಸ ಆಟ ಬರೆದು, ಕ್ಯಾಸೆಟ್ ಮಾಡಿ, ಮಾರುತ್ತಾರೆ. ಲಕ್ಷದಲ್ಲಿ ಅಲ್ಲ, ಐವತ್ತು, ನೂರು. ನನಗೆ ಆ ಎಂಟನೆಯ ಆಟ ನೆನಪಾಯಿತು. ಪಟ್ಟಿಯ ಕೆಳಗೆ ಅದು ಸಿಗದಿದ್ದದ್ದಕ್ಕೆ ಕಾರಣ ಅದನ್ನು ಯಾರೂ ಇನ್ನೂ ಮಾಡಿರಲಿಲ್ಲ ಅಷ್ಟೇ.

ಎರಡು ವರ್ಷ ಹಿಡಿಯಿತು. ಆ ಡಬ್ಬದೊಳಗೆ ಇರುವ ಜಾಗ ಈಗಿನ ಮೊಬೈಲಿನ ಒಂದು ಫೋಟೋಗೂ ಸಾಲದು. ಅಷ್ಟರಲ್ಲೇ ಹೊಳೆ, ಕಡಲು, ದೋಣಿ, ಹಾಡು ಎಲ್ಲ ಹಿಡಿಸಬೇಕು. ನನ್ನ ಆಟ ಏನೆಂದರೆ, ಮೀನು ತುಂಬಿದ ದೋಣಿಯನ್ನು ಅಳಿವೆ ದಾಟಿಸಿ ಮನೆಗೆ ತರುವುದು. ಹೊಳೆ ಕಡಲಿಗೆ ಸೇರುವ ಬಾಯಲ್ಲಿ ಮರಳಿನ ದಿಣ್ಣೆಗಳು ಇರುತ್ತವಲ್ಲ, ಅವು ಜಾಗ ಬದಲಿಸುತ್ತಿರುತ್ತವೆ. ತಾಗಿದರೆ ದೋಣಿ ಮಗುಚುತ್ತದೆ. ಮನೆಯ ಟೀವಿಯಲ್ಲಿ ಅಪ್ಪಯ್ಯನಿಗೆ ಮೊದಲ ಸಲ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇದೆಂತ ನೀರ್ ಇಳೀತ ಇಪ್ಪ ಹೊತ್ತಿಗೆ ದೋಣಿ ಒಳ್ಗ್ ತಕಂಡ್ ಬತ್ತ್ರ್ ಇವ್ರ್?"

"ಆಟ ಅಲ್ದಾ ಅಪ್ಪಯ್ಯ."

"ಆಟ ಆದ್ರೂ ನೀರ್ ನೀರೇ ಅಲ್ದಾ? ಭರತ ಬಪ್ಪಲ್ಲಿವರಿಗೆ ಕಾಯ್ಕ್. ಕಾಯ್ದೆ ನುಗ್ಗ್ರೆ ಯಾವ್ ದೋಣಿ ಉಳೀತ್ತ್?"

ಅವರ ಮಾತಿನಂತೆ ಆಟದಲ್ಲಿ ಭರತ–ಇಳಿತ, ಅಂದರೆ ಕಡಲ ನೀರು ಏರುವುದು ಇಳಿಯುವುದು, ಬರೆದೆ. ಇಳಿತ ಇರುವಾಗ ಆಡುವವರು ದೋಣಿಯನ್ನು ಅಳಿವೆಯ ಹೊರಗೆ ನಿಲ್ಲಿಸಿ ಕಾಯಬೇಕು. ಜಗತ್ತಿನಲ್ಲಿ ಕಾಯುವುದೇ ಮುಖ್ಯವಾಗಿರುವ ಇನ್ನೊಂದು ವಿಡಿಯೋ ಗೇಮ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಆಡಿದ ಬಹಳಷ್ಟು ಜನ ಮೊದಲು, ಯಂತ್ರ ಕೆಟ್ಟು ನಿಂತಿತು ಎಂದೇ ತಿಳಿದರು.

ಈ ನಡುವೆ ನಾನು ಅಂಗಡಿಯ ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ಕುಂದಾಪುರದ ಒಂದು ಕಾಲೇಜಿಗೆ ಬಿಸಿಎ ಸೇರಿದ್ದೆ. ಇಪ್ಪತ್ತನಾಲ್ಕು ವರ್ಷಕ್ಕೆ ಮೊದಲ ವರ್ಷದ ಕ್ಲಾಸು. ಮೊದಲ ದಿನ ಹುಡುಗರು ನನ್ನನ್ನು ಲೆಕ್ಚರರ್ ಎಂದು ತಿಳಿದು ಎದ್ದು ನಿಂತರು. ನಾನೂ ಗಾಬರಿಯಲ್ಲಿ "ಕೂತ್ಕೊಳ್ಳಿ" ಎಂದುಬಿಟ್ಟೆ. ಮೂರು ವರ್ಷವೂ ಅವರು ನನ್ನನ್ನು ಅಕ್ಕ ಎಂದೇ ಕರೆದರು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಬಸ್ಸು ಹಿಡಿದು ಬ್ರಹ್ಮಾವರದ ಅಂಗಡಿ. ನಮ್ಮ ಮನೆತನದಲ್ಲಿ, ಅಪ್ಪಯ್ಯನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ, ಅಲ್ಲಿವರೆಗೆ ಯಾರೂ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕು. ನಮ್ಮ ಪ್ರಾಜೆಕ್ಟಿನ ಮೇಡಂ ಅವರ ನಿಯಮ ಗಟ್ಟಿ. ಮಾಡಿದ್ದನ್ನು ಯಾರಾದರೂ ನಿಜವಾಗಿ ಬಳಸುತ್ತಿದ್ದಾರೆ ಎಂದು ಬಳಸುವವರಿಂದಲೇ ಪತ್ರ ತರಬೇಕು. ಉಳಿದವರೆಲ್ಲ ಲೈಬ್ರರಿ ಪುಸ್ತಕದ ಲೆಕ್ಕ, ಮೆಡಿಕಲ್ ಶಾಪಿನ ಲೆಕ್ಕ ಎಂದು ಬರೆದುಕೊಟ್ಟರು. ಶಾಪು ಇಟ್ಟಿದ್ದ ಅವರವರ ಮಾವಂದಿರು ಪತ್ರ ಬರೆದುಕೊಟ್ಟರು. ನಾನೂ ಶೀನಣ್ಣನ ಅಂಗಡಿಯ ಬಿಲ್ಲಿನ ಲೆಕ್ಕ ಮಾಡಿ ಮುಗಿಸಬಹುದಿತ್ತು. ಜಂಭ ಬಿಡಲಿಲ್ಲ. ಅಳಿವೆಯ ಆಟ ಎಂದು ಬರೆದುಕೊಟ್ಟೆ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಟೀವಿ ಗೇಮಾ? ಅದನ್ನು ಈಗ ಯಾರು ಆಡ್ತಾರಮ್ಮ?"

"ಆಡುವವರು ಇದ್ದಾರೆ ಮೇಡಂ."

"ಹಾಗಾದ್ರೆ ಅವರ ಪತ್ರ ತಾ. ದುಡ್ಡು ಕೊಟ್ಟು ತಗೊಂಡವರದ್ದು. ನಿನ್ನ ಅಪ್ಪನದ್ದು, ಅಂಗಡಿಯವರದ್ದು ಬೇಡ. ಇಲ್ಲಾಂದ್ರೆ ಇನ್ನೊಂದು ವರ್ಷ."

ಇನ್ನೊಂದು ವರ್ಷ ಎಂದರೆ ನಮ್ಮ ಮನೆಯಲ್ಲಿ ಇನ್ನೊಂದು ವರ್ಷ ಅಲ್ಲ, ಅಲ್ಲಿಗೆ ಮುಗಿಯಿತು ಎಂದು. ಅತ್ತೆ ನಮ್ಮ ಚಾವಡಿಯಲ್ಲಿ ಚಾ ಕುಡಿಯುತ್ತಾ ಆಪುದಲ್ಲ ಹೋಪುದಲ್ಲ ಎಂದದ್ದು ಆ ವಾರವೇ.

ಆಟ ಇದೆ, ಆದರೆ ಮಾರುವುದು ಹೇಗೆ? ಈ ವ್ಯಾಪಾರದ ಗುಟ್ಟು ಹೇಳಿದರೆ ನಗಬೇಡಿ. ಆಟದ ಫೈಲನ್ನು ಯಾರೂ ಕೊಳ್ಳುವುದಿಲ್ಲ, ಅದು ಇಂಟರ್‌ನೆಟ್ಟಿನಲ್ಲಿ ಒಬ್ಬರಿಂದೊಬ್ಬರಿಗೆ ಪುಕ್ಕಟೆ ಹರಿಯುತ್ತದೆ. ಕೊಳ್ಳುವುದು ಕ್ಯಾಸೆಟ್ಟನ್ನು, ಅದರ ಪೆಟ್ಟಿಗೆಯನ್ನು, ಒಳಗಿನ ಪುಟ್ಟ ಪುಸ್ತಕವನ್ನು. ಕೈಯಲ್ಲಿ ಹಿಡಿದು, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಲು. ಅಂದರೆ ನಾನು ಎರಡು ವರ್ಷ ತಲೆ ಕೆಡಿಸಿಕೊಂಡು ಬರೆದದ್ದಕ್ಕೆ ಬೆಲೆ ಇಲ್ಲ, ಅದನ್ನು ಹಾಕಿಕೊಟ್ಟ ಡಬ್ಬಿಗೆ ಬೆಲೆ. ಮತ್ತೆ ಕ್ಯಾಸೆಟ್ಟಿನ ಆ ಹಳದಿ ಡಬ್ಬಿಯನ್ನು ಹೊಸದಾಗಿ ಅಚ್ಚು ಹಾಕಿಸಬೇಕೆಂದರೆ ಸಾವಿರ ಡಬ್ಬಿಗೆ ಕಡಿಮೆ ಯಾರೂ ಮಾಡಿಕೊಡುವುದಿಲ್ಲ. ನಮಗೆ ಬೇಕಾದ್ದು ನಲವತ್ತು.

ದಾರಿ ತೋರಿಸಿದವರು ಶೀನಣ್ಣ. "ಹ್ವಾಯ್, ಹೊಸ್ದ್ ಎಂತಕ್? ಸತ್ತದ್ದ್ ಬೇಕಷ್ಟ್ ಇತ್ತಲೆ!" ಬೈಂದೂರಿನಲ್ಲಿ ಬಾಗಿಲು ಹಾಕಿದ ಒಂದು ಕ್ಯಾಸೆಟ್ ಅಂಗಡಿಯಿಂದ, ಬ್ರಹ್ಮಾವರದ ಗುಜರಿಯಿಂದ, ಅವರಿವರ ಅಟ್ಟದಿಂದ ಸತ್ತ ಹಳದಿ ಕ್ಯಾಸೆಟ್‌ಗಳನ್ನು ಒಂದು ಗೋಣಿ ತಂದು ಸುರಿದರು. ತೊಳೆದು, ಬಿಚ್ಚಿ, ಒಳಗಿನದ್ದು ತೆಗೆದು, ನನ್ನ ಬೋರ್ಡು ಕೂರಿಸಿದೆ. ಒಂದರ ಬೆನ್ನಿಗೆ ಯಾರೋ ಮಗು ಪೆನ್ನಿನಲ್ಲಿ "ಮುಟ್ಟಿದರೆ ಜಾಗ್ರತೆ" ಎಂದು ಬರೆದಿತ್ತು. ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಹಾಗೇ ಕಳಿಸಿದೆ.

ಬೋರ್ಡಿಗೆ, ಚಿಪ್ಪಿಗೆ ಮೊದಲೇ ದುಡ್ಡು ಬೇಕು. ಅದಕ್ಕೆ ದಾರಿ ತೋರಿಸಿದ್ದು ಅಪ್ಪಯ್ಯನ ಕೆಲಸದ ರೀತಿ. ದೋಣಿಗೆ ಯಾರೂ ಪೂರ್ತಿ ದುಡ್ಡು ಮೊದಲೇ ಕೊಡುವುದಿಲ್ಲ, ಯಾರೂ ಕೊನೆಗೆ ಒಟ್ಟಿಗೆ ಕೊಡುವುದೂ ಇಲ್ಲ. ಮರ ತರುವಾಗ ಒಂದು ಪಾಲು, ಹಲಗೆ ಏರಿದಾಗ ಒಂದು ಪಾಲು, ದೋಣಿ ನೀರಿಗೆ ಇಳಿದು ನೀರು ಒಳಗೆ ಬರಲಿಲ್ಲ ಎಂದು ನೋಡಿ ಉಳಿದದ್ದು. ನಾನು ಇಂಟರ್‌ನೆಟ್ಟಿನ ಆ ಗುಂಪಿನಲ್ಲಿ ಹಾಗೆಯೇ ಬರೆದೆ: ಚಿಪ್ಪು ತರಲು ಒಂದು ಪಾಲು, ಕ್ಯಾಸೆಟ್ ತಯಾರಾದ ಫೋಟೋ ನೋಡಿ ಒಂದು ಪಾಲು, ಕೈಗೆ ಬಂದು ಆಡಿ ನೋಡಿದ ಮೇಲೆ ಉಳಿದದ್ದು. ಆ ಜನ ಆಶ್ಚರ್ಯಪಟ್ಟರು. ಅಲ್ಲಿ ಎಲ್ಲರೂ ಪೂರ್ತಿ ಮುಂಗಡ ತೆಗೆದುಕೊಳ್ಳುತ್ತಾರಂತೆ, ಕೆಲವರು ತೆಗೆದುಕೊಂಡು ಮಾಯವಾಗುತ್ತಾರಂತೆ. ಹಂಗಾರಕಟ್ಟೆ ಎಲ್ಲಿದೆ ಎಂದು ತಿಳಿಯದ ನಲವತ್ತು ಜನ ಮೊದಲ ಪಾಲು ಕಳಿಸಿದರು.

ಪೆಟ್ಟಿಗೆ ರಟ್ಟಿನದು ಮಾಡಿಸುವುದೆಂದು ಇದ್ದೆ. ಅಪ್ಪಯ್ಯ ಒಪ್ಪಲಿಲ್ಲ. ದೋಣಿ ಮಾಡಿ ಉಳಿದ ಹೆಬ್ಬಲಸಿನ ಮರದ ತುಂಡುಗಳನ್ನು ಕೊಯ್ದು, ಕೆತ್ತಿ, ಉಜ್ಜಿ, ಮುಚ್ಚಳ ಜಾರುವ ನಲವತ್ತು ಪೆಟ್ಟಿಗೆ ಮಾಡಿದರು. ಒಂದು ಮೊಳೆಯಿಲ್ಲ. ಅಷ್ಟು ಚಂದದ ಕೆಲಸವನ್ನು ನಾನು ನೋಡಿಲ್ಲ. ಫೋಟೋ ನೋಡಿ ಎರಡನೆಯ ಪಾಲು ಅದೇ ವಾರ ಬಂತು.

ನಾನು ಪರೀಕ್ಷೆಗೆಂದು ಕುಂದಾಪುರಕ್ಕೆ ಹೋಗಿದ್ದ ದಿನ ಅಪ್ಪಯ್ಯ ಆ ನಲವತ್ತು ಪೆಟ್ಟಿಗೆಗೂ ಒಳಗೂ ಹೊರಗೂ ಮೀನೆಣ್ಣೆ ಬಳಿದು ಬಿಸಿಲಿಗೆ ಸಾಲಾಗಿ ಇಟ್ಟರು. ನನ್ನನ್ನು ಕೇಳಲಿಲ್ಲ. ಕೇಳುವಂಥ ವಿಷಯ ಅಂತ ಅವರಿಗೆ ಅನ್ನಿಸಲೇ ಇಲ್ಲ. ನಾನು ಬಂದು ನೋಡಿದೆ. ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. "ಅಪ್ಪಯ್ಯ, ಎಂತ ಚಂದ ಆಯ್ತ್!" ಎಂದೆ. ಅಮ್ಮನೂ ಚಂದ ಎಂದರು. ನಾವು ಮೂವರೂ ಕೂತು, ಕ್ಯಾಸೆಟ್ ಒಳಗಿಟ್ಟು, ಪುಸ್ತಕ ಮಡಚಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿ ಸುತ್ತಿ ಕಟ್ಟಿದೆವು. ಮೂರು ಮೂಗುಗಳಲ್ಲಿ ಒಂದಕ್ಕೂ ಎಂತದೂ ತಿಳಿಯಲಿಲ್ಲ.

ಅಂಚೆ ಕಚೇರಿಯಲ್ಲಿ ಕೌಂಟರಿನವರು ಕಟ್ಟು ಎತ್ತಿ, ನನ್ನ ವಿಳಾಸ ಓದಿ, "ಒಣ ಮೀನಾ?" ಎಂದರು.

ಹಂಗಾರಕಟ್ಟೆಯವಳೆಂದು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. "ಇಲ್ಲ ಮಾರಾಯ್ರೆ, ಟೀವಿ ಗೇಮ್."

ಮೂರು ವಾರ ಕಳೆದು ಮೊದಲ ಇಮೇಲ್ ಬಂತು. ಬರುವ ದಾರಿಯಲ್ಲಿ ಪೆಟ್ಟಿಗೆಯೊಳಗೆ ಏನಾದರೂ ಸತ್ತಿದೆಯೇ ಎಂದು ಒಬ್ಬರು ವಿನಯದಿಂದ ಕೇಳಿದ್ದರು. ಇನ್ನೊಬ್ಬರ ಬೆಕ್ಕು ಪೆಟ್ಟಿಗೆಯನ್ನು ಬಿಟ್ಟು ಕದಲುತ್ತಿರಲಿಲ್ಲವಂತೆ. ಮೂರನೆಯವರು ವಿನಯ ಬಿಟ್ಟಿದ್ದರು, ದುಡ್ಡು ವಾಪಸ್ ಕೊಡು ಎಂದಷ್ಟೇ ಬರೆದಿದ್ದರು. ಅವರ ಹಿಂದೆ ಸಾಲಾಗಿ ಬಂದವು. ಕೊನೆಯ ಪಾಲು ಒಬ್ಬರೂ ಕಳಿಸಲಿಲ್ಲ. ಪತ್ರ ಕೊಡಿ ಎಂದು ಕೇಳುವ ಮುಖ ನನಗಿರಲಿಲ್ಲ. ಪ್ರಾಜೆಕ್ಟ್ ಒಪ್ಪಿಸಲು ಉಳಿದದ್ದು ಹದಿನಾಲ್ಕು ದಿನ.

ಅಂಗಡಿಯಿಂದ ಮನೆಗೆ ಬಂದು ಅಪ್ಪಯ್ಯನನ್ನು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ. ಅವರಿಗೆ ನನ್ನ ಸಿಟ್ಟು ಅರ್ಥವಾಗಲೇ ಇಲ್ಲ.

"ಕಡ್ಲ್ ದಾಟೂ ವಸ್ತು ಅಲ್ದಾ ಹೆಣೆ? ಎಣ್ಣಿ ಕೊಡ್ದೆ ಕಳ್ಸುದ್ ಹ್ಯಾಂಗೆ?"

ನಾನು ಎಣ್ಣೆಯ ಡ್ರಮ್ಮಿನ ಪಕ್ಕ ಕೂತೆ. ಅವರ ಬಾಳಿನಲ್ಲಿ ಕಡಲಿಗೆ ಹೋಗುವ ಯಾವುದನ್ನೂ ಅವರು ಎಣ್ಣೆ ಕೊಡದೆ ಕಳಿಸಿದವರಲ್ಲ. ವಿಮಾನದಲ್ಲಿ ಹೋಗುತ್ತದೆ ಎಂದು ಹೇಳಲು ನಾನು ಮರೆತಿದ್ದೆ. ಹೇಳಿದ್ದರೂ ಬಳಿಯುತ್ತಿದ್ದರು ಅನ್ನಿಸುತ್ತದೆ. ಆಮೇಲೆ ಅಮ್ಮ ಮೆಲ್ಲಗೆ, "ಗಿರಿಜಕ್ಕಂಗೆ ಹೇಳ್ಬ್ಯಾಡ" ಎಂದರು. ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಆ ಸಾಲು ಸರಿದ ಕತೆ ನಮಗಿಬ್ಬರಿಗೂ ಗೊತ್ತಿತ್ತು. ಈಗ ಅದೇ ವಾಸನೆಗೆ ನಲವತ್ತು ಮನೆ ದೂರದೂರದ ದೇಶಗಳಲ್ಲಿ ಸರಿಯುತ್ತಿದ್ದವು.

ಆದರೂ ಅತ್ತೆಗೆ ಗೊತ್ತಾಯಿತು. ಸಂತೆಗೆ ಬಂದವರು ಶೀನಣ್ಣನ ಅಂಗಡಿಗೆ ನುಗ್ಗಿದರು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ಕೂತೆ. ಅವರು ಬೈಯಲಿಲ್ಲ. ಚೀಲ ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, "ಅವ್ರಿಗ್ ಸಮಾ ಬಿಡ್ಸಿ ಹೇಳ್ದ್ಯಾ ಹೆಣೆ, ಅದ್ ಎಂತ ಎಣ್ಣಿ ಅಂದೇಳಿ?" ಎಂದರು.

"ಇಲ್ಲ. ತಪ್ಪಾಯ್ತ್ ಅಂದೆ."

"ತಪ್ಪ್ ಎಂತದ್? ನನ್ನತ್ರ ಅವತ್ತ್ ಯಾರೂ ಕೇಂಡಿಲ್ಲೆ. ಕೇಂಡಿರೆ ಹೇಳ್ತಿದ್ದೆ, ನಮ್ಮಪ್ಪಯ್ಯ ದೋಣಿ ಮಾಡ್ತ್ರ್ ಅಂದೇಳಿ. ನೀ ಆದ್ರೂ ಹೇಳ್."

ಅತ್ತೆ ಆ ವಿಷಯ ನನ್ನೆದುರು ಬಾಯಿಬಿಟ್ಟದ್ದು ಅದೊಂದೇ ಸಲ. ಅವರು ಎದ್ದು ಬಸ್ಸಿಗೆ ಹೋದರು. ನಾನು ಅಲ್ಲೇ ಕೂತು ನಲವತ್ತು ಜನರಿಗೂ ಬರೆದೆ. ನನ್ನ ಅಪ್ಪಯ್ಯ ದೋಣಿ ಮಾಡುವವರು. ಅದು ಮೀನೆಣ್ಣೆ, ದೋಣಿ ಉಳಿಯಲು ಬಳಿಯುವುದು. ನಿಮ್ಮ ಪೆಟ್ಟಿಗೆ ಕಡಲಿಗೆ ಹೋಗುತ್ತದೆಂದು ಅವರು ಅದನ್ನು ದೋಣಿಯೆಂದೇ ತಿಳಿದರು. ನಮ್ಮ ಮನೆಯಲ್ಲಿ ಯಾರಿಗೂ ಆ ವಾಸನೆ ಗೊತ್ತಾಗುವುದಿಲ್ಲ. ಬೇಡವಾದವರಿಗೆ ದುಡ್ಡು ವಾಪಸ್, ಅಥವಾ ರಟ್ಟಿನ ಪೆಟ್ಟಿಗೆ ಕಳಿಸುತ್ತೇನೆ. ಹರಕುಮುರುಕು ಇಂಗ್ಲಿಷಿನಲ್ಲಿ ಇಷ್ಟು ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು.

ಒಂಬತ್ತು ಜನ ದುಡ್ಡು ವಾಪಸ್ ತೆಗೆದುಕೊಂಡರು. ಅದರಲ್ಲಿ ತಪ್ಪಿಲ್ಲ. ಹನ್ನೊಂದು ಜನ ರಟ್ಟು ಕೇಳಿದರು. ಉಳಿದವರು ಒಬ್ಬೊಬ್ಬರಾಗಿ ಕೊನೆಯ ಪಾಲು ಕಳಿಸಿದರು. ಅವರನ್ನು ಧೈರ್ಯ ಮಾಡಿ ಪತ್ರ ಕೇಳಿದೆ. ಹನ್ನೆರಡನೆಯ ದಿನ ಸಹಿ ಹಾಕಿದ ಒಂದು ಪತ್ರದ ಫೋಟೋ ಇಮೇಲಿನಲ್ಲಿ ಬಂತು. ಬರೆದವರು ನಾನು ಹೆಸರು ಕೇಳದ ಯಾವುದೋ ಊರಿನ ನಿವೃತ್ತ ಬಸ್ ಚಾಲಕ. ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಆಟವನ್ನು ದಿನವೂ ಆಡುತ್ತಿದ್ದೇನೆ. ಮೊದಲು ಕೆಟ್ಟಿದೆ ಎಂದುಕೊಂಡೆ. ಕಾಯಬೇಕೆಂದು ಆಮೇಲೆ ತಿಳಿಯಿತು. ಆಟ ಮನೆಯೊಳಗಿದೆ. ಪೆಟ್ಟಿಗೆ ಬಾಲ್ಕನಿಯಲ್ಲಿದೆ. ಎರಡನ್ನೂ ವಾಪಸ್ ಕೊಡುವುದಿಲ್ಲ."

ಮೇಡಂ ಆ ಪತ್ರವನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ಪತ್ರ ನೋಡಿ, "ಪೆಟ್ಟಿಗೆ ಬಾಲ್ಕನಿಯಲ್ಲಿ ಯಾಕಮ್ಮ?" ಎಂದು ಕೇಳಿದರು. ಅಪ್ಪಯ್ಯ ನನಗೆಂದು ಮಾಡಿ ಎಣ್ಣೆ ಬಳಿದಿದ್ದ ನಲವತ್ತೊಂದನೆಯದನ್ನು ಚೀಲದಿಂದ ತೆಗೆದು ಕೊಟ್ಟೆ. ಮುಚ್ಚಳ ಸರಿಸಿದವರು ಕೈಯನ್ನು ಉದ್ದಕ್ಕೆ ಚಾಚಿ, ಪೆಟ್ಟಿಗೆಯನ್ನು ಕಿಟಕಿಯ ಹೊರಗೆ ಹಿಡಿದು, ಕ್ಯಾಸೆಟ್ ಮಾತ್ರ ಒಳಗೆ ತಂದರು. ಆಮೇಲೆ ಆಡಲು ಕೂತರು. ಮೂರು ಸಲ ದೋಣಿ ದಿಣ್ಣೆಗೆ ಹತ್ತಿತು. ಕೇಳಬೇಕಾದ ಪ್ರಶ್ನೆಗಳ ಕಾಗದ ಮೇಜಿನ ಕೆಳಗೆ ಬಿದ್ದಿತ್ತು. ಅಲ್ಲಿವರೆಗೆ ಪುಸ್ತಕದ ಕನ್ನಡ ಮಾತಾಡುತ್ತಿದ್ದವರು ನಾಲ್ಕನೆಯ ಸಲ ಮುಳುಗಿದಾಗ, "ಇದ್ ಎಂತ ಸಾವ್ ಮಾರಾಯ್ರೆ, ದಾಟೂದ್ ಹ್ಯಾಂಗೆ?" ಎಂದರು.

"ಕಾಯ್ಕ್ ಸರ್" ಎಂದೆ.

ಮೇಡಂ ಗಡಿಯಾರ ನೋಡಿದರು. ಪರೀಕ್ಷಕರು ಕಾದರು. ಭರತ ಬಂತು, ದೋಣಿ ದಾಟಿತು. ನನಗೆ ಬೇರೆ ಪ್ರಶ್ನೆ ಬರಲಿಲ್ಲ.

ಆ ನಲವತ್ತು ಕ್ಯಾಸೆಟ್ಟಿನಿಂದ, ವಾಪಸ್ ಕೊಟ್ಟದ್ದು, ರಟ್ಟು, ಅಂಚೆ ಎಲ್ಲ ಕಳೆದು ಉಳಿದದ್ದು ಅಮ್ಮನಿಗೊಂದು ಮಿಕ್ಸಿ. ಈಗ ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅನ್ನ ಅದರಿಂದ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಹೊಸ ಆಟ, ಒಂದು ನೂರು ಕ್ಯಾಸೆಟ್. ಗಂಟೆಗೆ ಎಷ್ಟು ಬಿತ್ತು ಎಂದು ಗಂಡ ಒಮ್ಮೆ ಲೆಕ್ಕ ಹಾಕಲು ಹೊರಟರು. ಬೇಡ ಎಂದೆ. ಅಪ್ಪಯ್ಯನ ದೋಣಿಗೂ ಯಾರೂ ಹಾಗೆ ಲೆಕ್ಕ ಹಾಕಿಲ್ಲ. ಒಂದು ವಿಚಿತ್ರ ಮಾತ್ರ ಹೇಳಬೇಕು. ಹೊಸ ಆಟ ಪ್ರಕಟಿಸಿದಾಗಲೆಲ್ಲ ಹಳೆಯ ಗಿರಾಕಿಗಳಲ್ಲಿ ನಾಲ್ಕೈದು ಜನ ಬರೆದು ಕೇಳುತ್ತಾರೆ, ಪೆಟ್ಟಿಗೆಗೆ ಎಣ್ಣೆ ಹಚ್ಚಿ ಕಳಿಸುತ್ತೀರಾ ಎಂದು.

ಪದವಿ ಕೊಡುವ ದಿನ ಕಾಲೇಜಿನ ಸಭಾಂಗಣಕ್ಕೆ ಅಪ್ಪಯ್ಯ, ಅಮ್ಮ ಬಂದರು. ಕೊಕ್ಕರ್ಣೆಯಿಂದ ಎರಡು ಬಸ್ಸು ಬದಲಿಸಿ, ಟ್ರಂಕಿನ ತಳದ ರೇಷ್ಮೆ ಸೀರೆ ಉಟ್ಟು, ಗಿರಿಜತ್ತೆಯೂ ಬಂದರು. ಅಪ್ಪಯ್ಯ ಬೆಳಿಗ್ಗೆಯಿಂದ ಸೋಪಿನಲ್ಲಿ, ಹುಣಸೆಹುಳಿಯಲ್ಲಿ, ಲಿಂಬೆಹುಳಿಯಲ್ಲಿ ಕೈ ತಿಕ್ಕಿದ್ದರಂತೆ. ಕಾರ್ಯಕ್ರಮದಲ್ಲಿ ಮೂವರೂ ಕೊನೆಯ ಸಾಲಿನಲ್ಲಿ, ಯಾರಿಗೂ ತಾಗದ ಹಾಗೆ, ಪಕ್ಕದ ಎರಡು ಕುರ್ಚಿ ಬಿಟ್ಟು ಕೂತಿದ್ದರು. ವೇದಿಕೆಯ ಮೇಲಿಂದ ನನಗದು ಕಂಡಿತು.

ನನ್ನ ಹೆಸರು ಕರೆದರು. ಹೋದೆ, ತೆಗೆದುಕೊಂಡೆ, ಬಂದೆ. ಹೊರಗೆ ಜಗಲಿಯಲ್ಲಿ ಸರ್ಟಿಫಿಕೇಟನ್ನು ಅಪ್ಪಯ್ಯನ ಎದುರು ಹಿಡಿದೆ. ಅವರು ಕೈ ಚಾಚಿದವರು ನಡುವೆಯೇ ಹಿಂದಕ್ಕೆಳೆದು ಪಂಚೆಗೆ ಒರೆಸಿಕೊಂಡರು.

"ನನ್ ಕೈ ಬ್ಯಾಡ. ಅಕ್ಕಂಗ್ ಕೊಡ್ ಹೆಣೆ."

ಅತ್ತೆಯ ಕೈಗೆ ಕೊಟ್ಟೆ. ಅವರು ಕನ್ನಡದ ಸಾಲಿನ ಮೇಲೆ ಬೆರಳಿಟ್ಟು, ನಾಲ್ಕನೇ ಕ್ಲಾಸಿನಲ್ಲಿ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಎಂಬಂತೆ, ಒಂದೊಂದಕ್ಷರ ಕೂಡಿಸಿ ನನ್ನ ಹೆಸರು ಓದಿದರು. ಆಮೇಲೆ ಅಪ್ಪಯ್ಯನ ಹೆಸರು ಓದಿದರು. ಆಮೇಲೆ ಕಾಗದವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಒಂದು ಉಸಿರು ಎಳೆದುಕೊಂಡರು.

"ಎಂತ ವಾಸ್ನಿಯೂ ಇಲ್ಲೆ ಕಾಣ್ ತಮ್ಮ. ಮನಿಗ್ ಹೋದ್ ಕೂಡ್ಲೆ ಇದಕ್ಕೂ ಒಂಚೂರ್ ಎಣ್ಣಿ ಹಚ್ಚ್. ಇಲ್ದಿರೆ ಇದ್ ನಮ್ಮನೆ ಹೆಣ್ಣಿಂದ್ ಅಂದೇಳಿ ಯಾರಿಗ್ ಗೊತ್ತಾಪುದ್?"